ಒಂದು ನೋಟಿಸ್ ತಡವಾದದ್ದಕ್ಕೆ: ಪಾರ್ಕ್ ಸಿಟಿ ಸ್ಕೀ ಬೆಟ್ಟ ಕೈಬದಲಾದ ಬಗೆ ಮತ್ತು ಸೀಸನ್ ಪಾಸಿನ ಲೆಕ್ಕ

ಅಮೆರಿಕದ ಯೂಟಾ ರಾಜ್ಯದ ಪಾರ್ಕ್ ಸಿಟಿ ಮೌಂಟನ್ ರೆಸಾರ್ಟ್ 2011ರ ಮಾರ್ಚ್ 1ರೊಳಗೆ ಒಂದು ಪತ್ರ ಕಳಿಸಬೇಕಿತ್ತು. "ಬೆಟ್ಟದ ಗುತ್ತಿಗೆಯನ್ನು ಇನ್ನೊಂದು ಅವಧಿಗೆ ಮುಂದುವರಿಸುತ್ತೇವೆ" ಎಂದು ಜಮೀನಿನ ಮಾಲೀಕರಿಗೆ ಬರೆದು ತಿಳಿಸುವುದು, ಅಷ್ಟೇ ಕೆಲಸ. ಗುತ್ತಿಗೆ ಮುಗಿಯುವುದು ಏಪ್ರಿಲ್ 30ಕ್ಕೆ. ಅದಕ್ಕೆ 60 ದಿನ ಮೊದಲೇ ಪತ್ರ ತಲುಪಬೇಕೆಂದು ಕರಾರಿನಲ್ಲಿ ಬರೆದಿತ್ತು. ಪತ್ರ ಹೋದದ್ದು ಗುತ್ತಿಗೆಯೇ ಮುಗಿದ ಮೇಲೆ. 2014ರ ಸೆಪ್ಟೆಂಬರ್ ಹೊತ್ತಿಗೆ ರೆಸಾರ್ಟ್ ಅದರ ಒಡೆತನವಿದ್ದ ಪೌಡರ್ ಕಂಪನಿಯ ಕೈತಪ್ಪಿ, ಹಲವು ಸ್ಕೀ ಬೆಟ್ಟಗಳನ್ನು ನಡೆಸುವ ವೇಲ್ ರೆಸಾರ್ಟ್ಸ್ ಕಂಪನಿಯ ಪಾಲಾಗಿತ್ತು. ಊರಿನ ಜನ ಒಂದು ಬೆಟ್ಟಕ್ಕೆ ಕೊಳ್ಳುತ್ತಿದ್ದ ಸೀಸನ್ ಪಾಸಿನ (ಇಡೀ ಚಳಿಗಾಲ ಸ್ಕೀ ಮಾಡಲು ಒಮ್ಮೆಗೇ ಕೊಳ್ಳುವ ಪಾಸ್) ಜಾಗಕ್ಕೆ ಹತ್ತಾರು ಬೆಟ್ಟಗಳ ಎಪಿಕ್ ಪಾಸ್ ಬಂದಿತ್ತು.

ಸ್ಕೀ ರೆಸಾರ್ಟ್ ಕೈಬದಲಾದರೆ ಪಾಸ್ ದುಬಾರಿಯಾಗುತ್ತದೆ ಎಂಬುದು ಸಾಮಾನ್ಯ ದೂರು. ಪಾರ್ಕ್ ಸಿಟಿಯ ಲೆಕ್ಕಪತ್ರ ಅಷ್ಟು ಸರಳವಾಗಿಲ್ಲ. ಇಲ್ಲಿ ನಿಜವಾಗಿ ದುಬಾರಿಯಾದದ್ದು ಕೌಂಟರಿನಲ್ಲಿ ಕೊಳ್ಳುವ ಒಂದು ದಿನದ ಟಿಕೆಟ್. ಪಾಸ್ ಅಗ್ಗವಾಗಿ ಕಾಣುವುದೂ ಆ ಟಿಕೆಟ್ಟಿನ ಪಕ್ಕದಲ್ಲಿ ಇಟ್ಟಾಗಲೇ.

ಗಣಿಯಿಂದ ಹಿಮಕ್ಕೆ

ಪಾರ್ಕ್ ಸಿಟಿ ಮೂಲದಲ್ಲಿ ಬೆಳ್ಳಿ ಗಣಿಗಳ ಊರು. ಅದಿರಿನ ವ್ಯವಹಾರ ಕುಸಿದಾಗ ಯುನೈಟೆಡ್ ಪಾರ್ಕ್ ಸಿಟಿ ಮೈನ್ಸ್ ಎಂಬ ಗಣಿ ಕಂಪನಿ ಫೆಡರಲ್ ಸರ್ಕಾರದ ಸಾಲ ಪಡೆದು 1963ರಲ್ಲಿ ಸ್ಕೀ ಬೆಟ್ಟ ತೆರೆಯಿತು. ಆರಂಭದ ಕೆಲವು ವರ್ಷ ಸ್ಕೀಯರುಗಳನ್ನು ಗಣಿಯ ರೈಲಿನಲ್ಲಿ ಸ್ಪೈರೊ ಸುರಂಗದೊಳಗೆ ಮೂರು ಮೈಲಿ ಕರೆದೊಯ್ದು, ಅಲ್ಲಿಂದ ಗಣಿಯ ಲಿಫ್ಟಿನಲ್ಲಿ 1,750 ಅಡಿ ಮೇಲೆತ್ತಿ ಬೆಟ್ಟದ ಮೇಲೆ ಬಿಡುತ್ತಿದ್ದರು. ಸುರಂಗದಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಒಂದು ಸಲ ಮೇಲೆ ಹೋಗುವುದರಲ್ಲಿ ಅರ್ಧ ಬೆಳಗು ಕಳೆಯುತ್ತಿತ್ತು. ಹೀಗಾಗಿ ಆ ಪ್ರಯೋಗ ಬಾಳಲಿಲ್ಲ.

ಮುಖ್ಯ ವಿಷಯ 1970ರ ದಶಕದ್ದು. ಗಣಿ ಕಂಪನಿ ರೆಸಾರ್ಟಿನ ವ್ಯವಹಾರವನ್ನು ಮಾರಿತು, ಮೇಲಿನ ಬೆಟ್ಟದ ನೆಲವನ್ನು ಮಾತ್ರ ಮಾರದೆ ಗುತ್ತಿಗೆಗೆ ಕೊಟ್ಟಿತು. 20 ವರ್ಷಕ್ಕೊಮ್ಮೆ ನವೀಕರಣ, ಹಾಗೆ 2051ರವರೆಗೂ ಮುಂದುವರಿಸುವ ಹಕ್ಕು. ಬಾಡಿಗೆ ವರ್ಷಕ್ಕೆ ಸುಮಾರು 1.55 ಲಕ್ಷ ಡಾಲರ್. ಮೇಲಿನ ಲಿಫ್ಟುಗಳೆಲ್ಲ (ಹಗ್ಗಕ್ಕೆ ತೂಗುವ ಕುರ್ಚಿಗಳಲ್ಲಿ ಸ್ಕೀಯರುಗಳನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಯಂತ್ರಗಳು) ನಿಂತಿದ್ದ, ಜನ ಸ್ಕೀ ಮಾಡಲು ಬರುತ್ತಿದ್ದ ಬಹುಪಾಲು ನೆಲಕ್ಕೆ ಇಷ್ಟು ಬಾಡಿಗೆ. ಗಣಿ ಕಂಪನಿಯ ಲೆಕ್ಕದಲ್ಲಿ ಅದು ಅದಿರು ಮುಗಿದ ಬೆಟ್ಟ, ಬಂದಷ್ಟು ಲಾಭ. 1994ರಲ್ಲಿ ರೆಸಾರ್ಟ್ ಪೌಡರ್ ಕಂಪನಿಗೆ ಬಂದಾಗ ಅಗ್ಗದ ಗುತ್ತಿಗೆಯೂ ಜೊತೆಗೇ ಬಂತು. ನೋಡಿದರೆ ರೆಸಾರ್ಟಿನ ಅತಿ ಬೆಲೆಬಾಳುವ ಆಸ್ತಿ ಆ ಗುತ್ತಿಗೆಯ ಕಾಗದವೇ ಆಗಿತ್ತು.

2003ರಲ್ಲಿ ಟೊರಾಂಟೊದ ಟ್ಯಾಲಿಸ್ಕರ್ ಎಂಬ ರಿಯಲ್ ಎಸ್ಟೇಟ್ ಕಂಪನಿ ಗಣಿ ಕಂಪನಿಯನ್ನೇ ಕೊಂಡಿತು. ಹಳೆಯ ಗಣಿ ಕಂಪನಿಗೂ ರೆಸಾರ್ಟಿಗೂ ಇದ್ದ ಸಲುಗೆ ಅಲ್ಲಿಗೆ ಮುಗಿಯಿತು. ಹೊಸ ಮಾಲೀಕರ ಕಣ್ಣಿಗೆ ಅದು ಮಾರುಕಟ್ಟೆ ಬೆಲೆಯ ಹತ್ತಿರಕ್ಕೂ ಬಾರದ ಬಾಡಿಗೆ ತರುತ್ತಿದ್ದ ಸಾವಿರಾರು ಎಕರೆ. 2008ರಲ್ಲಿ ಟ್ಯಾಲಿಸ್ಕರ್ ಪಕ್ಕದ ಕ್ಯಾನ್ಯನ್ಸ್ ರೆಸಾರ್ಟನ್ನೂ ಕೊಂಡಿತು. ಅದಕ್ಕಾಗಿ ಪೈಪೋಟಿ ನಡೆಸಿ ಸೋತವರಲ್ಲಿ ವೇಲ್ ಕೂಡ ಇತ್ತು.

ಗಡುವು ತಪ್ಪಿದ ಮೇಲೆ

ಗುತ್ತಿಗೆ ಮುಗಿದಿದೆ ಎಂದು ಟ್ಯಾಲಿಸ್ಕರ್ ತಕ್ಷಣ ಹೇಳಲಿಲ್ಲ. ಬಾಡಿಗೆ ಪಡೆಯುತ್ತಲೇ ಇತ್ತು. 2011ರ ಡಿಸೆಂಬರ್ ಕೊನೆಯಲ್ಲಿ, ಹೆಚ್ಚುಕಡಿಮೆ ಎಂಟು ತಿಂಗಳ ಬಳಿಕ, "ನಿಮ್ಮ ಗುತ್ತಿಗೆ ಏಪ್ರಿಲ್‌ನಲ್ಲೇ ಮುಗಿದಿದೆ" ಎಂದು ತಿಳಿಸಿತು. 2012ರ ಮಾರ್ಚ್‌ನಲ್ಲಿ ರೆಸಾರ್ಟ್ ನ್ಯಾಯಾಲಯಕ್ಕೆ ಹೋಯಿತು. ಅದರ ವಾದ ಹೀಗಿತ್ತು: ಗಡುವು ಮೀರಿದ್ದು ನಿಮಗೆ ಗೊತ್ತಿದ್ದೂ ಸುಮ್ಮನಿದ್ದಿರಿ, ಬಾಡಿಗೆ ತೆಗೆದುಕೊಂಡಿರಿ, ಬೇಸಿಗೆಯಲ್ಲಿ ನಾವು ಬೆಟ್ಟಕ್ಕೆ ದುಡ್ಡು ಸುರಿಯುವುದನ್ನು ನೋಡುತ್ತಿದ್ದಿರಿ, ಈಗ ಗುತ್ತಿಗೆ ಇಲ್ಲ ಎನ್ನುವ ಹಾಗಿಲ್ಲ.

ಕೇಳಿದರೆ ನ್ಯಾಯವೆನಿಸುವ ವಾದ. ಆದರೆ ನವೀಕರಣದ ಹಕ್ಕಿನ ಬಗ್ಗೆ ನ್ಯಾಯಾಲಯಗಳು ಸಾಮಾನ್ಯವಾಗಿ ತುಂಬ ಕಟ್ಟುನಿಟ್ಟು. ಆ ಹಕ್ಕು ಬಾಡಿಗೆದಾರನಿಗೆ ಸಿಕ್ಕ ಏಕಪಕ್ಷೀಯ ಅನುಕೂಲ. ಮುಂದುವರಿಸುವುದೂ ಬಿಡುವುದೂ ಅವನ ಇಷ್ಟ, ಮಾಲೀಕ ಮಾತ್ರ ಕಟ್ಟಿಬಿದ್ದವನು. ಅದನ್ನು ಬಳಸಿಕೊಳ್ಳುವವರು ಬರೆದ ವಿಧಾನದಲ್ಲಿ, ಬರೆದ ದಿನದೊಳಗೆ ಬಳಸಬೇಕು. ನೆನಪಿಸುವ ಹೊಣೆ ಮಾಲೀಕನದಲ್ಲ. 2014ರ ಮೇ 21ರಂದು ನ್ಯಾಯಾಧೀಶ ರಯಾನ್ ಹ್ಯಾರಿಸ್ ಗುತ್ತಿಗೆ ಮುಗಿದಿದೆ ಎಂದೇ ತೀರ್ಪು ಕೊಟ್ಟರು.

ಅಷ್ಟರಲ್ಲಿ ಎದುರಾಳಿಯೂ ಬದಲಾಗಿತ್ತು. 2013ರ ಮೇನಲ್ಲಿ ವೇಲ್, ಟ್ಯಾಲಿಸ್ಕರ್ ಜೊತೆ ಕ್ಯಾನ್ಯನ್ಸ್ ರೆಸಾರ್ಟಿನ ಗುತ್ತಿಗೆಗೆ ಸಹಿ ಹಾಕಿ, ಪಾರ್ಕ್ ಸಿಟಿ ದಾವೆಯನ್ನು ನಡೆಸುವ ಹೊಣೆಯನ್ನೂ ವಹಿಸಿಕೊಂಡಿತು. ದಾವೆ ಗೆದ್ದರೆ ಪಾರ್ಕ್ ಸಿಟಿಯ ಮೇಲಿನ ಬೆಟ್ಟ ಹೆಚ್ಚಿನ ದುಡ್ಡಿಲ್ಲದೆ ಅದೇ ಗುತ್ತಿಗೆಗೆ ಸೇರುತ್ತದೆ ಎಂಬ ಷರತ್ತಿತ್ತು. ಹಾಗಾಗಿ ಪೌಡರ್ ಎದುರು ನಿಂತದ್ದು ದೇಶದ ಅತಿದೊಡ್ಡ ಸ್ಕೀ ಕಂಪನಿ.

ಈ ಹೊಸ ಗುತ್ತಿಗೆಯ ವಿವರ ನೋಡಬೇಕು. ಅವಧಿ 50 ವರ್ಷ, ಅದರ ಮೇಲೆ ತಲಾ 50 ವರ್ಷದ ಆರು ನವೀಕರಣ. ಒಟ್ಟು 350 ವರ್ಷ. ಬಾಡಿಗೆ ವರ್ಷಕ್ಕೆ 2.5 ಕೋಟಿ ಡಾಲರ್, ಹಣದುಬ್ಬರಕ್ಕೆ ತಳುಕು, ವರ್ಷಕ್ಕೆ ಕನಿಷ್ಠ 2% ಏರಿಕೆ. ಬರೀ 2% ಎಂದು ಹಿಡಿದರೂ 12 ವರ್ಷದಲ್ಲಿ ಅದು 3.17 ಕೋಟಿ ಆಗುತ್ತದೆ. ಇದಲ್ಲದೆ, ರೆಸಾರ್ಟಿನ ಕಾರ್ಯಾಚರಣೆ ಲಾಭ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುನ್ನ) ಸುಮಾರು 3.5 ಕೋಟಿ ಡಾಲರ್ ದಾಟಿದರೆ, ದಾಟಿದ ಮೊತ್ತದಲ್ಲಿ 42% ಜಮೀನಿನ ಮಾಲೀಕರಿಗೆ. ಈ ಮಿತಿಯೂ ಹಣದುಬ್ಬರದೊಂದಿಗೆ ಏರುತ್ತದೆ. ವೇಲ್ ಹೊಸದಾಗಿ ಹೂಡಿದ ಬಂಡವಾಳದ 10% ಕೂಡ ಮಿತಿಗೆ ಸೇರುತ್ತದೆ. ಅಂದರೆ 5 ಕೋಟಿ ಹೂಡಿದರೆ ಮಿತಿ 50 ಲಕ್ಷ ಮೇಲೇರುತ್ತದೆ. ಲಾಭವೆಲ್ಲ ಮಾಲೀಕರಿಗೇ ಹೋಗುವುದಾದರೆ ಬಾಡಿಗೆದಾರ ಹೊಸ ಲಿಫ್ಟ್ ಯಾಕೆ ಹಾಕುತ್ತಾನೆ? ಅದಕ್ಕೇ ಈ ಷರತ್ತು.

1.55 ಲಕ್ಷವನ್ನೂ 2.5 ಕೋಟಿಯನ್ನೂ ನೇರವಾಗಿ ಹೋಲಿಸುವಂತಿಲ್ಲ. ಎರಡನೆಯದರಲ್ಲಿ ಕ್ಯಾನ್ಯನ್ಸ್ ರೆಸಾರ್ಟ್ ಇಡಿಯಾಗಿ ಇದೆ. ಹಾಗಿದ್ದರೂ ಆ ಬೆಟ್ಟಸಾಲಿನಲ್ಲಿ ನೆಲದ ಬೆಲೆ ಏನೆಂಬುದು ಎರಡನೆಯ ಅಂಕಿಯಿಂದಲೇ ಗೊತ್ತಾಗುತ್ತದೆ.

ಮೇಲಿದ್ದವರಿಗೆ ಕೆಳಗಿಲ್ಲ

ತೀರ್ಪು ಬಂದರೂ ವೇಲ್‌ಗೆ ಬೆಟ್ಟ ನಡೆಸಲು ಸಾಧ್ಯವಿರಲಿಲ್ಲ. ಪಾರ್ಕಿಂಗ್ ಜಾಗ, ಟಿಕೆಟ್ ಕಟ್ಟಡ, ಕೆಳಗಿನ ಲಿಫ್ಟುಗಳು ಹೊರಡುವ ತಪ್ಪಲು, ಕೃತಕ ಹಿಮಕ್ಕೆ ಬೇಕಾದ ನೀರು, ಎಲ್ಲವೂ ಪೌಡರ್ ಕೈಯಲ್ಲಿತ್ತು. ಪೌಡರ್‌ಗೆ ತಪ್ಪಲಿತ್ತು, ಬೆಟ್ಟವಿರಲಿಲ್ಲ. ಹೊರಹಾಕಿದರೆ ಲಿಫ್ಟುಗಳನ್ನೇ ಕಳಚಿಕೊಂಡು ಹೋಗುತ್ತೇವೆ ಎಂಬ ಮಾತೂ ಬಂತು. ಗೋಪುರ, ಮೋಟಾರು, ಹಗ್ಗ, ಕುರ್ಚಿ ಎಲ್ಲ ಇಳಿಸಿ ಮತ್ತೆ ನಿಲ್ಲಿಸುವುದೆಂದರೆ ಊರಿಗೆ ಕನಿಷ್ಠ ಒಂದು ಚಳಿಗಾಲ ನಷ್ಟ. ಹೋಟೆಲು, ಅಂಗಡಿ, ಟ್ಯಾಕ್ಸಿಯವರ ಎದೆ ಢವಗುಟ್ಟಿತು.

ನ್ಯಾಯಾಲಯ ಮಧ್ಯಸ್ಥಿಕೆಗೆ ಕಳಿಸಿತು. ಜೊತೆಗೆ, 2014-15ರ ಸೀಸನ್ ಮುಗಿಯುವವರೆಗೆ ಪೌಡರ್ ಅಲ್ಲೇ ಇರಬೇಕಾದರೆ 1.75 ಕೋಟಿ ಡಾಲರ್ ಠೇವಣಿ ಇಡಬೇಕೆಂದು ಸೆಪ್ಟೆಂಬರ್ ಮೊದಲ ವಾರದಲ್ಲಿ ಹೇಳಿತು. ವರ್ಷಕ್ಕೆ 1.55 ಲಕ್ಷ ಕೊಟ್ಟು ಇದ್ದವರಿಗೆ ಒಂದು ಚಳಿಗಾಲಕ್ಕೆ 1.75 ಕೋಟಿ. ಸೆಪ್ಟೆಂಬರ್ 11ರಂದು ಒಪ್ಪಂದ ಪ್ರಕಟವಾಯಿತು: ಪೌಡರ್ ತನ್ನ ಪಾಲನ್ನು 18.25 ಕೋಟಿ ಡಾಲರ್ ನಗದಿಗೆ ವೇಲ್‌ಗೆ ಮಾರಿತು. ಸೋತವರಿಗೆ ಇಷ್ಟು ದುಡ್ಡು ಸಿಕ್ಕಿದ್ದು ತಪ್ಪಲು ಮತ್ತು ನೀರಿನ ಬಲದಿಂದ. ಸ್ಕೀ ವ್ಯವಹಾರದಲ್ಲಿ ಎಕರೆಗಟ್ಟಲೆ ಬೆಟ್ಟಕ್ಕಿಂತ ಒಂದು ಪಾರ್ಕಿಂಗ್ ಜಾಗ ಹೆಚ್ಚು ತೂಗುವುದು ಹೊಸದೇನಲ್ಲ.

2015ರ ಬೇಸಿಗೆಯಲ್ಲಿ ವೇಲ್ 5 ಕೋಟಿ ಡಾಲರ್ ಹೂಡಿ, ಕ್ವಿಕ್‌ಸಿಲ್ವರ್ ಎಂಬ ಗೊಂಡೋಲಾದಿಂದ (ಹಗ್ಗದ ಮೇಲೆ ಸಾಗುವ ಮುಚ್ಚಿದ ಡಬ್ಬಿಗಳ ಲಿಫ್ಟ್) ಎರಡೂ ರೆಸಾರ್ಟುಗಳನ್ನು ಜೋಡಿಸಿತು. 7,300 ಎಕರೆಯ, ಅಮೆರಿಕದ ಅತಿದೊಡ್ಡ ಸ್ಕೀ ರೆಸಾರ್ಟ್ ಆಯಿತು. "ಪಾರ್ಕ್ ಸಿಟಿ" ಎಂಬ ಹೆಸರಿಗೇ ಟ್ರೇಡ್‌ಮಾರ್ಕ್ ಪಡೆಯಲು ಹೊರಟಾಗ ಮಾತ್ರ ಊರಿನವರು ಸಿಡಿದೆದ್ದರು. 2016ರಲ್ಲಿ ಕಂಪನಿ ಅರ್ಜಿಯನ್ನು ಕೈಬಿಟ್ಟಿತು.

ಪಾಸಿನ ಗಣಿತ

ಎಪಿಕ್ ಪಾಸ್ ಬಂದದ್ದು 2008ರಲ್ಲಿ, 579 ಡಾಲರಿಗೆ. ಆಗ ಸೀಸನ್ ಪಾಸ್ ಎಂದರೆ ಸ್ಥಳೀಯರು ಕೊಳ್ಳುವ ದುಬಾರಿ ವಸ್ತು; ಹೊರಗಿನವರು ದಿನದ ಟಿಕೆಟ್ ಕೊಂಡು ರೆಸಾರ್ಟಿನ ಹೊಟ್ಟೆ ತುಂಬಿಸುತ್ತಿದ್ದರು. ಹಿಮ ಬೀಳದ ವರ್ಷ ಆ ಹೊರಗಿನವರು ಬರುವುದಿಲ್ಲ, ಆದಾಯವೂ ಇಲ್ಲ. ರಾಬ್ ಕಾಟ್ಜ್ ನೇತೃತ್ವದ ವೇಲ್ ಈ ಅಪಾಯವನ್ನು ಗಿರಾಕಿಯ ಹೆಗಲಿಗೆ ದಾಟಿಸಿತು: ಹಿಮ ಬೀಳುವ ಮೊದಲೇ ದುಡ್ಡು ಕೊಡಿ, ಅಗ್ಗಕ್ಕೆ ಕೊಡುತ್ತೇವೆ, ಹಿಮ ಬಿದ್ದರೂ ಬೀಳದಿದ್ದರೂ ದುಡ್ಡು ನಮ್ಮದು. ಈಗ ಕಂಪನಿಯ ಉತ್ತರ ಅಮೆರಿಕದ ಬೆಟ್ಟಗಳಿಗೆ ಬರುವವರಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲೇ ದುಡ್ಡು ಕೊಟ್ಟವರು.

ಆರಂಭಿಕ ಬೆಲೆ ಹೀಗೆ ಏರಿತು: ಪಾರ್ಕ್ ಸಿಟಿ ಕೈಬದಲಾದ 2014-15ರಲ್ಲಿ 729 ಡಾಲರ್, 2017-18ರಲ್ಲಿ 859, 2020-21ರಲ್ಲಿ 979. 2021-22ರಲ್ಲಿ ಒಮ್ಮೆಲೇ 20% ಇಳಿಸಿ 783ಕ್ಕೆ ತಂದರು. ಆಮೇಲೆ 841, 909, 982, 2025-26ಕ್ಕೆ 1,051. 2008ರ 579 ಡಾಲರನ್ನು ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದಿಂದ ಗುಣಿಸಿದರೆ 2025ರ ಸುಮಾರು 860 ಡಾಲರ್ ಆಗುತ್ತದೆ. ಹಣದುಬ್ಬರ ಕಳೆದರೆ ಹದಿನೇಳು ವರ್ಷದಲ್ಲಿ ನಿಜವಾದ ಏರಿಕೆ ಕಾಲು ಭಾಗಕ್ಕೂ ಕಡಿಮೆ. ಅಷ್ಟರಲ್ಲಿ ಪಾಸಿಗೆ ಸೇರಿದ ಬೆಟ್ಟಗಳು ಬೆರಳೆಣಿಕೆಯಿಂದ ಹತ್ತಾರಕ್ಕೆ ಹೋಗಿವೆ. 2016ರಲ್ಲಿ ವೇಲ್ ಕೊಂಡ ಕೆನಡಾದ ವಿಸ್ಲರ್ ಬ್ಲ್ಯಾಕ್‌ಕಾಂಬ್ ಕೂಡ ಸೇರಿತು. ಪಾಸ್ ದುಬಾರಿ ಎಂದು ಕೂಗುವವರ ವಾದ ಇಲ್ಲಿ ಸೊರಗುತ್ತದೆ.

ಆದರೆ ಊರಲ್ಲೇ ಇದ್ದು ಒಂದೇ ಬೆಟ್ಟದಲ್ಲಿ ಆಡುವವನಿಗೆ ವಿಸ್ಲರ್ ಕಟ್ಟಿಕೊಂಡು ಏನಾಗಬೇಕು? ತನಗೆ ಬೇಡದ ಬೆಟ್ಟಗಳಿಗೂ ಸೇರಿಸಿಯೇ ಅವನು ದುಡ್ಡು ಕೊಡುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಆ ಎಲ್ಲ ಬೆಟ್ಟಗಳ ಪಾಸ್‌ದಾರರೂ ರಜೆಯಲ್ಲಿ ಅವನ ಬೆಟ್ಟಕ್ಕೆ ಬರುತ್ತಾರೆ. 2021ರ ದರ ಇಳಿಕೆಯ ನಂತರ ಮಾರಾಟವಾದ ಪಾಸುಗಳು 20 ಲಕ್ಷ ದಾಟಿದವು. ಅದೇ ಚಳಿಗಾಲ ಕೆಲಸಗಾರರ ಕೊರತೆಯೂ ಇತ್ತು. ಲಿಫ್ಟಿನ ಸಾಲುಗಳು ಎಷ್ಟು ಉದ್ದವಾದವೆಂದು ಬೇರೆ ಹೇಳಬೇಕಿಲ್ಲ.

ಅತ್ತ ಪಾರ್ಕ್ ಸಿಟಿಯ ಕೌಂಟರ್ ಟಿಕೆಟ್ ರಜಾದಿನಗಳಲ್ಲಿ 300 ಡಾಲರ್ ದಾಟಿದೆ. 1,051ನ್ನು 300ರಿಂದ ಭಾಗಿಸಿದರೆ ಮೂರೂವರೆ: ನಾಲ್ಕು ದಿನ ಸ್ಕೀ ಮಾಡುವವರಿಗೆ ಪಾಸ್ ಲಾಭ. ಟಿಕೆಟ್ ಇಷ್ಟು ದುಬಾರಿಯಾಗಿರುವುದಕ್ಕೆ ಇದೂ ಒಂದು ಕಾರಣ. ನೂರು ಡಾಲರ್ ಟಿಕೆಟ್ ಇದ್ದರೆ ಹನ್ನೊಂದು ದಿನ ಹೋಗದೆ ಯಾರೂ ಪಾಸ್ ಕೊಳ್ಳುತ್ತಿರಲಿಲ್ಲ. ಏಟು ಬೀಳುವುದು ಹೊಸಬರಿಗೆ. ಒಂದು ದಿನ ನೋಡೋಣ ಎಂದು ಬಂದ ನಾಲ್ವರ ಕುಟುಂಬ ಟಿಕೆಟಿಗೇ ಸಾವಿರ ಡಾಲರಿಗಿಂತ ಹೆಚ್ಚು ತೆರುತ್ತದೆ. ಮುಂದಿನ ಗಿರಾಕಿಗಳು ತಯಾರಾಗುವ ಬಾಗಿಲೇ ಅದು.

ಪೈಪೋಟಿ ಇದನ್ನು ಇಳಿಸಲಿಲ್ಲ. 2017ರಲ್ಲಿ ಹುಟ್ಟಿದ ಆಲ್ಟೆರಾ ಕಂಪನಿ ಅದೇ ಊರಿನ ಡೀರ್ ವ್ಯಾಲಿ ರೆಸಾರ್ಟನ್ನು ಕೊಂಡು, 2018ರಲ್ಲಿ 899 ಡಾಲರಿಗೆ ಐಕಾನ್ ಪಾಸ್ ತಂದಿತು. ಆ ವರ್ಷ ಎಪಿಕ್ ಬೆಲೆಯೂ 899. ಪಾರ್ಕ್ ಸಿಟಿಯ ಎರಡು ರೆಸಾರ್ಟುಗಳೂ ಒಂದೊಂದು ಪಾಸಿನ ಬೇಲಿಯೊಳಗೆ ಸೇರಿದವು.

ಬೆಟ್ಟ ತುಂಬಿದಾಗ ಕೆಟ್ಟದ್ದು

ಜನ ಹೆಚ್ಚಾದರೆ ಲಿಫ್ಟ್ ಹೆಚ್ಚಿಸಬೇಕು ಎನ್ನುವುದು ಕಂಪನಿಯ ದಾರಿ. 2022ರಲ್ಲಿ ಈಗಲ್ ಲಿಫ್ಟನ್ನು ಆರು ಜನರದ್ದಾಗಿ, ಸಿಲ್ವರ್‌ಲೋಡ್ ಲಿಫ್ಟನ್ನು ಎಂಟು ಜನರದ್ದಾಗಿ ಬದಲಿಸಲು ಸಾಮಾನು ತರಿಸಿತ್ತು. ಊರಿನ ಕೆಲವು ನಿವಾಸಿಗಳು ಅನುಮತಿಯ ವಿರುದ್ಧ ಮೇಲ್ಮನವಿ ಹಾಕಿದರು. ಬೆಟ್ಟ ಆರಾಮವಾಗಿ ಎಷ್ಟು ಜನರನ್ನು ತಾಳಬಲ್ಲದು ಎಂಬ ಲೆಕ್ಕವೂ ಪಾರ್ಕಿಂಗ್ ಯೋಜನೆಯೂ ಸಾಲದು ಎಂದು ನಗರದ ಯೋಜನಾ ಆಯೋಗ ಜೂನ್‌ನಲ್ಲಿ ಮೇಲ್ಮನವಿಯನ್ನು ಎತ್ತಿಹಿಡಿಯಿತು. ಆ ಎರಡೂ ಲಿಫ್ಟುಗಳನ್ನು ವಿಸ್ಲರ್‌ಗೆ ಸಾಗಿಸಿ ಅಲ್ಲಿ ನಿಲ್ಲಿಸಿದರು. ಅದೇ ಚಳಿಗಾಲದಿಂದ ತಪ್ಪಲಿನ ಪಾರ್ಕಿಂಗಿಗೆ ಮೊದಲೇ ಕಾಯ್ದಿರಿಸುವ ಪದ್ಧತಿ ಬಂತು: ಮಧ್ಯಾಹ್ನ ಒಂದರವರೆಗೆ 25 ಡಾಲರ್, ಕಾರಿನಲ್ಲಿ ನಾಲ್ಕು ಜನರಿದ್ದರೆ ಪುಕ್ಕಟೆ. ಪಾಸಿನ ಬೆಲೆ ಲೆಕ್ಕ ಹಾಕುವವರು ಇದನ್ನೂ ಕೂಡಿಸಬೇಕು; ಆ ದರದಲ್ಲಿ ಒಬ್ಬರೇ ಹತ್ತು ದಿನ ಹೋದರೆ 250 ಡಾಲರ್ ಅಲ್ಲೇ ಹೋಯಿತು.

ದೊಡ್ಡ ಏಟು ಬಿದ್ದದ್ದು 2024ರ ಡಿಸೆಂಬರ್ 27ಕ್ಕೆ. ಸುಮಾರು 200 ಸದಸ್ಯರ ಸ್ಕೀ ಗಸ್ತು ಪಡೆಯ ಸಂಘ ಮುಷ್ಕರ ಹೂಡಿತು. ಆರಂಭಿಕ ಕೂಲಿ ಗಂಟೆಗೆ 21 ಡಾಲರಿನಿಂದ 23 ಆಗಬೇಕು, ಅನುಭವಿಗಳಿಗೆ ಅದಕ್ಕೆ ತಕ್ಕಂತೆ ಹೆಚ್ಚಬೇಕು ಎಂಬುದು ಬೇಡಿಕೆ. ಕ್ರಿಸ್‌ಮಸ್-ಹೊಸ ವರ್ಷದ ನಡುವಿನ ವಾರ, ಹಿಮವೂ ಚೆನ್ನಾಗಿ ಬೀಳುತ್ತಿತ್ತು. ಹಾಗಿದ್ದೂ ಬೆಟ್ಟದ ಬಹುಭಾಗ ಮುಚ್ಚಿತ್ತು.

ಕಾರಣ ಗಸ್ತು ಪಡೆಯ ಕೆಲಸದಲ್ಲೇ ಇದೆ. ಗಾಯಾಳುಗಳನ್ನು ಸ್ಲೆಡ್ಜಿನಲ್ಲಿ ಇಳಿಸುವುದು ಎಲ್ಲರ ಕಣ್ಣಿಗೆ ಬೀಳುವ ಭಾಗ. ರಾತ್ರಿ ಹೊಸ ಹಿಮ ಬಿದ್ದರೆ ಬೆಳಕು ಹರಿಯುವ ಹೊತ್ತಿಗೆ ಇವರು ಜೋಡಿ ಜೋಡಿಯಾಗಿ ಗೊತ್ತಾದ ದಾರಿಗಳಲ್ಲಿ ಏಣಿನ ಮೇಲೆ ಹೋಗಿ, ಕಡಿದಾದ ಇಳಿಜಾರುಗಳಿಗೆ ಕೈಯಿಂದ ಸಿಡಿಮದ್ದು ಎಸೆದು, ಸಡಿಲ ಹಿಮವನ್ನು ಜನ ಬರುವ ಮೊದಲೇ ಕುಸಿಸುತ್ತಾರೆ. ಒಬ್ಬ ಎಸೆದರೆ ಇನ್ನೊಬ್ಬ ಸುರಕ್ಷಿತ ಜಾಗದಿಂದ ಅವನ ಮೇಲೆ ಕಣ್ಣಿಡುತ್ತಾನೆ. ಯಾವ ಗಾಳಿಗೆ ಯಾವ ಅಂಚಿನಲ್ಲಿ ಹಿಮ ಕೂಡುತ್ತದೆ ಎಂಬುದು ಆ ಬೆಟ್ಟದಲ್ಲೇ ವರ್ಷಗಟ್ಟಲೆ ಇದ್ದವರಿಗೆ ಗೊತ್ತಿರುವ ವಿಷಯ. ಕಂಪನಿ ಬೇರೆ ರೆಸಾರ್ಟುಗಳಿಂದ ಗಸ್ತಿನವರನ್ನು ಕರೆಸಿತು. ಬೇರೆ ಬೆಟ್ಟದವರಿಗೆ ಆ ಅಂಚುಗಳ ಪರಿಚಯವಿಲ್ಲ. ಅವರಿಂದ ಕೆಳಗಿನ ಸುಲಭದ ಇಳಿಜಾರುಗಳನ್ನು ತೆರೆಯಬಹುದೇ ಹೊರತು ಮೇಲಿನ ಬೆಟ್ಟವನ್ನಲ್ಲ. 7,300 ಎಕರೆಗೆಂದು ಬಂದ ಜನ ತೆರೆದಿದ್ದ ಕೆಲವೇ ಲಿಫ್ಟುಗಳ ಮುಂದೆ ಸಾಲುಗಟ್ಟಿದರು.

ಒಂದು ಸರಳ ಗುಣಾಕಾರ: 200 ಜನ, ವಾರಕ್ಕೆ 40 ಗಂಟೆ, 20 ವಾರ ಎಂದು ಹಿಡಿದರೆ 1.6 ಲಕ್ಷ ಗಂಟೆ. ಗಂಟೆಗೆ 2 ಡಾಲರಿನಂತೆ 3.2 ಲಕ್ಷ ಡಾಲರ್, ಸರಿಸುಮಾರು 300 ಎಪಿಕ್ ಪಾಸುಗಳ ಬೆಲೆ. ಅನುಭವಿಗಳ ಏರಿಕೆ ಸೇರಿಸಿದರೆ ಹೆಚ್ಚಾಗುತ್ತದೆ, ನಿಜ. ಎರಡರಷ್ಟಾದರೂ ವರ್ಷದ ಅತ್ಯಂತ ದುಬಾರಿ ವಾರವನ್ನು ಕೆಡಿಸಿಕೊಳ್ಳುವಷ್ಟು ದೊಡ್ಡ ಮೊತ್ತವಲ್ಲ. ಒಂದು ಬೆಟ್ಟದಲ್ಲಿ ಕೊಟ್ಟರೆ ಉಳಿದ ಬೆಟ್ಟಗಳಲ್ಲೂ ಕೊಡಬೇಕಾದೀತು ಎಂಬ ಅಳುಕೇ ಕಂಪನಿಯನ್ನು ಹಿಡಿದಿಟ್ಟಿರಬೇಕು. ಒಬ್ಬನೇ ಒಡೆಯನ ಒಂದೇ ಬೆಟ್ಟವಾಗಿದ್ದರೆ ಈ ಅಳುಕು ಇರುತ್ತಿರಲಿಲ್ಲ. 2025ರ ಜನವರಿ 8ರಂದು ಮುಷ್ಕರ ಮುಗಿಯಿತು. ಆರಂಭಿಕ ಕೂಲಿ 23 ಡಾಲರ್ ಆಯಿತು, ಸರಾಸರಿ ಏರಿಕೆ 4 ಡಾಲರ್. ಆ ದಿನಗಳಲ್ಲಿ ಸ್ಕೀ ಮಾಡಿದವರಿಗೆ ಕಂಪನಿ 50% ಮೌಲ್ಯವನ್ನು ಮರಳಿಸಿತು, ನಗದಾಗಿ ಅಲ್ಲ, ಮುಂದಿನ ಸೀಸನ್ನಿನ ಪಾಸಿಗೆ ಮುರಿದುಕೊಳ್ಳುವಂತೆ.

ಕೊಳ್ಳುವವರ ಕಡೆಯಿಂದ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಟಾಹೊ ಸರೋವರದ ಹೆವೆನ್ಲಿ, ನಾರ್ತ್‌ಸ್ಟಾರ್, ಕರ್ಕ್‌ವುಡ್ ಇದೇ ಪಾಸಿನ ಬೆಟ್ಟಗಳು, ಲೆಕ್ಕ ಅವರಿಗೂ ಇದೇ. ಪಾಸ್ ಮಾರಾಟ ಹಿಂದಿನ ವಸಂತದಲ್ಲೇ ಶುರು. ಆಗ 49 ಡಾಲರ್ ಮುಂಗಡ ಕೊಟ್ಟು ಬೆಲೆ ಹಿಡಿದಿಟ್ಟುಕೊಳ್ಳಬಹುದು, ಉಳಿದದ್ದು ಶರತ್ಕಾಲದಲ್ಲಿ. ಮೇ ಕೊನೆ ಮತ್ತು ಸೆಪ್ಟೆಂಬರ್ ಆರಂಭದ ಹೊತ್ತಿಗೆ ಬೆಲೆ ಏರುತ್ತದೆ, ಡಿಸೆಂಬರ್ ಮೊದಲ ವಾರಗಳಲ್ಲಿ ಮಾರಾಟವೇ ನಿಲ್ಲುತ್ತದೆ. ಹಿಮ ಹೇಗೆ ಬೀಳುತ್ತದೋ ನೋಡಿ ಕೊಳ್ಳೋಣ ಎಂದು ಕಾದವರಿಗೆ ಉಳಿಯುವುದು ದಿನದ ಟಿಕೆಟ್ ಮಾತ್ರ.

ರಜೆಯ ವಾರಗಳಲ್ಲಿ ಹೋಗದವರಿಗೆ ಎಪಿಕ್ ಲೋಕಲ್ ಸಾಕು. 2025-26ಕ್ಕೆ ಅದರ ಆರಂಭಿಕ ಬೆಲೆ 783 ಡಾಲರ್, ಪಾರ್ಕ್ ಸಿಟಿಯಲ್ಲಿ ಗರಿಷ್ಠ ರಜಾದಿನಗಳಿಗೆ ಮಾತ್ರ ನಿರ್ಬಂಧ. ಮೂರು ದಿನಕ್ಕಿಂತ ಕಡಿಮೆ ಹೋಗುವವರು ದಿನಗಳ ಲೆಕ್ಕದ ಎಪಿಕ್ ಡೇ ಪಾಸ್ ನೋಡಬೇಕು. ಅದನ್ನೂ ಸೀಸನ್ ಶುರುವಾಗುವ ಮೊದಲೇ ಕೊಳ್ಳಬೇಕು.

ಎಪಿಕ್ ಕವರೇಜ್ ಎಂಬ ಮರುಪಾವತಿ ಸೌಲಭ್ಯ ಪಾಸಿನ ಜೊತೆ ಪುಕ್ಕಟೆಯಾಗಿ ಬರುತ್ತದೆ. ಗಾಯ, ಕಾಯಿಲೆ, ಕೆಲಸ ಹೋಗುವುದು, ರೆಸಾರ್ಟ್ ಮುಚ್ಚುವುದು ಇಂಥ ಗೊತ್ತಾದ ಕಾರಣಗಳಿಗಷ್ಟೇ ಅದು ಅನ್ವಯ. ಐದು ಲಿಫ್ಟ್ ಓಡುತ್ತಿದ್ದು ಉಳಿದವು ನಿಂತಿದ್ದರೆ ರೆಸಾರ್ಟ್ ಮುಚ್ಚಿದೆ ಎಂದಾಗುವುದಿಲ್ಲ. ಮುಷ್ಕರದ ವಾರ ದೂರದಿಂದ ಬಂದ ಹಲವರ ಗ್ರಹಿಕೆ ತಪ್ಪಿದ್ದು ಇಲ್ಲೇ.

2025ರ ಮೇನಲ್ಲಿ ರಾಬ್ ಕಾಟ್ಜ್ ಮತ್ತೆ ಕಂಪನಿಯ ಮುಖ್ಯಸ್ಥರಾದರು. 2025-26ರ ಸೀಸನ್ನಿಗೆ ಸೆಪ್ಟೆಂಬರ್‌ವರೆಗೆ ಮಾರಾಟವಾದ ಪಾಸುಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು 3% ಇಳಿದಿತ್ತು, ಹಣ ಸುಮಾರು 1% ಏರಿತ್ತು. ಅದೇ ಬೇಸಿಗೆಯಲ್ಲಿ ಪಾಸ್‌ದಾರರು ತಮ್ಮ ಗೆಳೆಯರಿಗೆ ಅರ್ಧ ಬೆಲೆಗೆ ದಿನದ ಟಿಕೆಟ್ ಕೊಡಿಸುವ ಸೌಲಭ್ಯವನ್ನು ಕಂಪನಿ ತಂದಿತು. ಆ ಟಿಕೆಟ್ ದುಡ್ಡನ್ನು ಗೆಳೆಯರು ಮುಂದಿನ ವರ್ಷದ ಪಾಸಿಗೆ ಮುರಿದುಕೊಳ್ಳಬಹುದು.